ಉಪ್ಪಲ್‌ನ ಕೂಸಿನ ಕೋಣೆ ಮತ್ತು ತಮ್ಮ ಸ್ಪ್ಯಾಮ್ ಪೆಟ್ಟಿಗೆ

ಮಾನ್ಯ ನೆರವು ಅಧಿಕಾರಿಗಳೇ,

ನಾನು ಇಂಜಿನಿಯರ್ ಅಲ್ಲ. ಒಂಬತ್ತನೆಯ ತರಗತಿಯ ನಡುವೆಯೇ ಲಿಂಗಸೂಗೂರಿನ ಶಾಲೆ ಬಿಟ್ಟವನು. ಹೈದರಾಬಾದಿಗೆ ಬಂದ ಮೇಲೆ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ದಿನ ಬಚ್ಚಿಟ್ಟದ್ದನ್ನು ಇಂದು ಪತ್ರಿಕೆಯಲ್ಲಿ ಹೇಳುತ್ತಿರುವುದಕ್ಕೆ ಕಾರಣ ತಾವು. ಉಪ್ಪಲ್‌ನ ಶಿಶುಪಾಲನಾ ಕೇಂದ್ರವನ್ನು ಮುಚ್ಚಿದ ತಮ್ಮ ಆದೇಶದಲ್ಲಿ ಹೀಗೊಂದು ವಾಕ್ಯವಿದೆ: "ವೆಬ್‌ಸೈಟ್ ಮೂಲಕ ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದ್ದು, ಸದರಿ ವೆಬ್‌ಸೈಟ್ ಸುಸ್ಥಿತಿಯಲ್ಲಿದೆಯೆಂದು ಇಂಜಿನಿಯರರು ದೃಢೀಕರಿಸಿರುತ್ತಾರೆ; ನಿಗದಿತ ಅವಧಿಯೊಳಗೆ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ." ಆ ಇಂಜಿನಿಯರರು ನಾನೇ. ದೃಢೀಕರಣದ ಕೆಳಗಿನ ಸಹಿ ನನ್ನದು. ಇಂಜಿನಿಯರೇ ಇಲ್ಲದ ಮೇಲೆ ಅವನ ದೃಢೀಕರಣ ಎಲ್ಲಿಂದ ಬಂತು? ತಮ್ಮ ವಾಕ್ಯದ ಅರ್ಧ ಇಲ್ಲಿಗೇ ಮುರಿಯಿತು. ಉಳಿದ ಅರ್ಧವನ್ನು ಮುರಿಯಲು ಈ ಪತ್ರ ಬರೆಯುತ್ತಿದ್ದೇನೆ.

ಆಕ್ಷೇಪಣೆಗಳು ಬಂದಿವೆ. ಉಪ್ಪಲ್‌ನ ಕಟ್ಟಡ ಕೆಲಸದಲ್ಲಿರುವ ನಮ್ಮ ಕಡೆಯ ತಾಯಂದಿರೆಲ್ಲ ಬರೆದಿದ್ದಾರೆ. ಅವೆಲ್ಲ ಅಬಿಡ್ಸ್‌ನ ತಮ್ಮ ಕಚೇರಿಯಲ್ಲಿ, ತಮ್ಮದೇ ಕಂಪ್ಯೂಟರಿನಲ್ಲಿ, ಸ್ಪ್ಯಾಮ್ ಎಂಬ ಪೆಟ್ಟಿಗೆಯಲ್ಲಿ ಬಿದ್ದುಕೊಂಡಿವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೋಸದ ಮೇಲ್‌ಗಳನ್ನೂ ಬೇಡದ ಜಾಹೀರಾತುಗಳನ್ನೂ ಕಂಪ್ಯೂಟರ್ ತಾನಾಗಿಯೇ ಆರಿಸಿ ಎಸೆಯುವ ಕಸದ ಬುಟ್ಟಿ ಅದು. ಆ ಬುಟ್ಟಿಯಲ್ಲಿ ನಮ್ಮ ತಾಯಂದಿರ ಪತ್ರಗಳು ಇರುವುದನ್ನು ನಾನು ಕಣ್ಣಾರೆ ಕಂಡೆ. ಅದೇ ಹೊತ್ತಿಗೆ ತಮ್ಮ ಇನ್‌ಬಾಕ್ಸಿನಲ್ಲಿ, ಅಂದರೆ ತಾವು ದಿನಾ ಓದುವ ಪೆಟ್ಟಿಗೆಯಲ್ಲಿ, ಶಾದ್‌ನಗರದ ಹತ್ತಿರ ಪ್ಲಾಟು ಮಾರುವವರ ಮೇಲ್ ಒಂದು, ಬೋಳು ತಲೆಗೆ ಕೂದಲು ತರಿಸುವವರ ಮೇಲ್ ಒಂದು, ಎರಡೂ ಗೌರವದಿಂದ ಕೂತಿದ್ದವು. ಅವು ತಮಗೆ ಸ್ವೀಕೃತವಾಗಿವೆ. ಪ್ಲಾಟಿನವರಿಗೆ ತಾವು ಉತ್ತರವನ್ನೂ ಬರೆದಿದ್ದೀರಿ.

ತಮ್ಮ ಕಚೇರಿ ಯಾಕಿದೆ ಎಂದು ತಮಗೆ ಹೇಳುವ ಅಗತ್ಯ ಇರಬಾರದು. ಆದರೂ ಹೇಳುತ್ತೇನೆ, ಪತ್ರಿಕೆಯನ್ನು ಬೇರೆಯವರೂ ಓದುತ್ತಾರೆ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ದುಡಿಯಲು ಹೈದರಾಬಾದಿಗೆ ಬಂದವರಿಗೆ ಅವರ ಭಾಷೆಯಲ್ಲೇ ನೆರವು ಸಿಗಲಿ ಎಂದು ಇರುವ ಕಚೇರಿ ಅದು. ಅದು ಮಾಡಿದ ಒಳ್ಳೆಯ ಕೆಲಸ ಒಂದೇ. ಉಪ್ಪಲ್‌ನಲ್ಲಿ ಏಳುತ್ತಿರುವ ಐಟಿ ಕಟ್ಟಡಗಳ ಹಿಂದೆ, ಕೂಲಿಯವರ ತಗಡಿನ ಶೆಡ್ಡುಗಳ ಪಕ್ಕದಲ್ಲಿ ಒಂದು ಕೋಣೆ ನಡೆಸುತ್ತಿತ್ತು. ತಮ್ಮ ಕಡತದಲ್ಲಿ ಅದು ಶಿಶುಪಾಲನಾ ಕೇಂದ್ರ, ನಮ್ಮ ಹೆಂಗಸರ ಬಾಯಲ್ಲಿ ಕೂಸಿನ ಕೋಣೆ. ಪಾರ್ವತೆಮ್ಮ ಎಂಬ ಹಿರಿಯರು ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ತಾಯಂದಿರು ಮುಂಜಾನೆ ಕೂಸನ್ನು ಅಲ್ಲಿ ಬಿಟ್ಟು ಬುಟ್ಟಿ ಹೊರಲು ಹೋಗುತ್ತಿದ್ದರು. ಊಟದ ಬಿಡುವಿನಲ್ಲಿ ಬಂದು ಹಾಲು ಕುಡಿಸಿ, ಸಂಜೆ ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಅಕ್ಕ ಗದಿಗೆಮ್ಮನ ಮಗಳು ದಾನೇಶ್ವರಿ ಆ ಕೋಣೆಯಲ್ಲೇ ನಡೆಯಲು ಕಲಿತಳು. ಅಕ್ಕನ ಮನೆಯಲ್ಲಿ ದುಡಿಯುವವಳೂ ಅಕ್ಕನೇ, ಕೂಸನ್ನು ಸಾಕುವವಳೂ ಅಕ್ಕನೇ. ಆ ಕೋಣೆ ಇದ್ದದ್ದರಿಂದ ಎರಡೂ ನಡೆಯುತ್ತಿತ್ತು.

ಈ ಕೋಣೆಯನ್ನು "ಫಲಾನುಭವಿಗಳ ಅನುಕೂಲಕ್ಕಾಗಿ" ಸನತ್‌ನಗರಕ್ಕೆ ಒಯ್ಯುವುದಾಗಿ ತಾವು ನೋಟಿಸು ಅಂಟಿಸಿದಿರಿ. ಅಲ್ಲಿ ಕಾರ್ಖಾನೆಗಳ ನಡುವೆ ಕಚೇರಿಯ ಸ್ವಂತ ಕಟ್ಟಡ ಖಾಲಿ ಇದೆಯಂತೆ. ಖಾಲಿ ಕಟ್ಟಡದ ಅನುಕೂಲ ನನಗೆ ಅರ್ಥವಾಗುತ್ತದೆ, ಫಲಾನುಭವಿಗಳ ಅನುಕೂಲ ಅರ್ಥವಾಗುವುದಿಲ್ಲ. ಉಪ್ಪಲ್ ಒಂದು ತುದಿ, ಸನತ್‌ನಗರ ಇನ್ನೊಂದು ತುದಿ. ನಡುವೆ ಇಡೀ ಹೈದರಾಬಾದು ಇದೆ. ಹೊಸ ಕೇಂದ್ರ ಹತ್ತು ಗಂಟೆಗೆ ತೆರೆಯುತ್ತದೆ, ಕೆಲಸ ಎಂಟಕ್ಕೆ ಶುರುವಾಗುತ್ತದೆ. ಆ ಎರಡು ಗಂಟೆ ಕೂಸು ಎಲ್ಲಿರಬೇಕು? ಊಟದ ಬಿಡುವಿನಲ್ಲಿ ತಾಯಿ ಸಿಮೆಂಟಿನ ಕೈಯಲ್ಲೇ ಮೆಟ್ರೊ ಹತ್ತಿ ಊರಿನ ಆ ತುದಿಗೆ ಹೋಗಿ ಹಾಲು ಕುಡಿಸಿ ಬರಬೇಕೆ? ತಮ್ಮ ನೋಟಿಸಿನಲ್ಲಿ ಇದಕ್ಕೆಲ್ಲ ಉತ್ತರ ಇರಲಿಲ್ಲ. ಆಕ್ಷೇಪಣೆಗಳನ್ನು ವೆಬ್‌ಸೈಟಿನ ‘ಸಂಪರ್ಕಿಸಿ’ ಪುಟದಲ್ಲೇ ಸಲ್ಲಿಸಬೇಕು, ಪಾರದರ್ಶಕತೆಯ ದೃಷ್ಟಿಯಿಂದ ಕಾಗದದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ ಎಂಬ ಸೂಚನೆ ಮಾತ್ರ ಇತ್ತು. ಕಾಗದ ಕೊಟ್ಟರೆ ಕೈಗೆ ಮೊಹರು ಹಾಕಿದ ನಕಲು ಬರುತ್ತದೆ. ಅದು ಪಾರದರ್ಶಕ ಅಲ್ಲ, ಪುಟದಲ್ಲಿ ತುಂಬಿದ್ದು ಎಲ್ಲಿ ಹೋಯಿತೆಂದು ಯಾರಿಗೂ ಕಾಣದಿರುವುದು ಪಾರದರ್ಶಕ.

ಈಗ ಆ ಪುಟದ ಕಥೆ. ತಮ್ಮ ವೆಬ್‌ಸೈಟಿನ ಗುತ್ತಿಗೆ ಹಿಡಿದದ್ದು ಮಾದಾಪುರದ ಗಾಜಿನ ಕಟ್ಟಡದ ಒಂದು ಕಂಪನಿ. ಅವರು ಅದನ್ನು ಅಮೀರ್‌ಪೇಟೆಯ ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರು ಸನತ್‌ನಗರದಲ್ಲಿ ಬಾಡಿಗೆಗೆ ಅರ್ಧ ಟೇಬಲ್ ಹಿಡಿದು ಕೂತಿದ್ದ ನನಗೆ ಕೊಟ್ಟರು. ನಾನು ಬೋಲ್ಟು ಮಾಡುವವರಿಗೆ, ಬ್ಯಾಟರಿ ಡಬ್ಬಿ ಮಾಡುವವರಿಗೆ, ರಬ್ಬರ್ ವಾಷರ್ ಮಾಡುವವರಿಗೆ ವೆಬ್‌ಸೈಟು ಕಟ್ಟಿಕೊಡುವವನು. ಎಲ್ಲಿ ಕಲಿತೆ ಎಂದು ಕೇಳಿದರೆ, ಅಮೀರ್‌ಪೇಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಕೋಚಿಂಗ್ ಹುಡುಗರು ನೋಟ್ಸು ಝೆರಾಕ್ಸ್ ಮಾಡಿಸಲು ಬರುತ್ತಿದ್ದರು. ಯಂತ್ರ ಒಂದೊಂದು ಹಾಳೆ ಉಗುಳುವಾಗ ನಾನು ಒಂದೊಂದು ಹಾಳೆ ಓದುತ್ತಿದ್ದೆ. ಶಾಲೆಯಲ್ಲಿ ಒಂದು ಕಡೆ ಕೂರಲು ಆಗದ ನನಗೆ ನಿಂತುಕೊಂಡು ಓದುವುದು ಒಗ್ಗಿತು. ವಿಸಿಟಿಂಗ್ ಕಾರ್ಡ್ ಮಾಡಿಸಲು ಹೋದಾಗ ಪ್ರಿಂಟಿಂಗ್ ಪ್ರೆಸ್ಸಿನವನು ಹೆಸರಿನ ಕೆಳಗೆ ಏನು ಹಾಕಲಿ ಎಂದ. ವೆಬ್ ಕೆಲಸ ಅಂತ ಹಾಕಿ ಎಂದೆ. "ಯಹಾಂ ಸಬ್ ಇಂಜಿನಿಯರ್‌ಇಚ್ ಹೈ ಭಾಯ್," ಇಲ್ಲಿ ಎಲ್ಲರೂ ಇಂಜಿನಿಯರೇ ಎಂದು ನಕ್ಕು, ಅವನೇ ನನ್ನನ್ನು ಇಂಜಿನಿಯರ್ ಮಾಡಿದ. ಕಾರ್ಡು ಮರಳಿ ಕೊಡಬೇಕಿತ್ತು. ಕೊಡಲಿಲ್ಲ.

ವೆಬ್‌ಸೈಟ್ ಒಪ್ಪಿಸುವ ದಿನ ದೃಢೀಕರಣ ಕೇಳಿದರು. ಆ ಪುಟದಿಂದ ನನಗೇ ಒಂದು ಮೇಲ್ ಕಳಿಸಿಕೊಂಡೆ. ನನ್ನ ಇನ್‌ಬಾಕ್ಸಿಗೆ ಬಂತು. ಸಹಿ ಹಾಕಿದೆ. ನಾನು ಕಳಿಸಿದ್ದು ನನಗೆ ತಲುಪಿದರೆ ಬಡವರು ಕಳಿಸಿದ್ದು ಸಾಹೇಬರಿಗೂ ತಲುಪುತ್ತದೆ ಎಂದುಕೊಂಡಿದ್ದೆ. ಆ ದಿನ ನನ್ನ ವಯಸ್ಸು ಈಗಿನದಕ್ಕಿಂತ ಭಾಳ ಕಡಿಮೆ ಇತ್ತು ಎನಿಸುತ್ತದೆ.

ತಮ್ಮ ನೋಟಿಸು ಅಂಟಿದ ಮೇಲಿನ ಭಾನುವಾರ ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ಗಾರೆಯ ಮೇಸ್ತ್ರಿ ಬೂದೆಪ್ಪ ಕಾಕಾ ಹೇಳುವುದು, ನಾನು ಟೈಪ್ ಮಾಡುವುದು, ಆಮೇಲೆ ಒಬ್ಬೊಬ್ಬರೂ ಅವರವರ ಫೋನಿನಿಂದ ಕಳಿಸುವುದು ಎಂದಾಯಿತು. ಕಾಕಾ ಗೋಡೆಗೆ ಬೆನ್ನು ಕೊಟ್ಟು ಕೂತರು.

"ಎಲ್ಲಿಂದ ಶುರು ಮಾಡ್ಲಿ ಕಾಕಾ?" ಎಂದೆ.

"ಮೊದಲ ಮ್ಯಾಲ ದೇವರ ಹೆಸರ ಹಾಕೋ."

"ಇದು ಕಂಪ್ಯೂಟರಿಗೆ ಹೋಗೂದು ಕಾಕಾ. ನೆಟ್ಟಗ ವಿಷಯಕ್ಕ ಬಂದ್ರ ಚಲೋ."

"ಜಗಳಕ್ಕ ಹೋದಾಗ ನೆಟ್ಟಗ ವಿಷಯಕ್ಕ ಬರ್ತಾರಪಾ. ನಾವೇನ್ ಸಾಹೇಬರ ಕೂಡ ಜಗಳಕ್ಕ ಹೊಂಟೀವೇನು? ಕಂಪ್ಯೂಟರಿನ ಆ ಕಡೀಗೆ ಕುಂತಾವ ಮನಷ್ಯಾನ ಹೌದಿಲ್ಲೋ?"

"ಹೌದು."

"ಹಂಗಾರ ಮೊದಲ ಅವನ ಕ್ಷೇಮ ಕೇಳು. ಆಮ್ಯಾಲ ನಮ್ಮದು."

ನಮ್ಮ ಮನೆದೇವರು ಹುಲಿಗೆಮ್ಮನ ಹೆಸರು ಹಾಕಿದೆ. ಪಕ್ಕದ ಶೆಡ್ಡಿನ ಶಿವದೇವಿ ತಕರಾರು ತೆಗೆದಳು. "ನಮ್ಮನಿ ದೇವ್ರು ಅಂಬಾದೇವಿರೀ. ನಾ ಹುಲಿಗೆಮ್ಮನ ಹೆಸರ ಹಾಕ್ಸಿ ಆಕಿಗೇನ್ ಜವಾಬ್ ಕೊಡ್ಲಿ?" ನನ್ನ ಅಕ್ಕ ಬಿಡುವವಳಲ್ಲ. "ಯಾಕ, ನಿಮ್ಮ ಅಂಬಾದೇವಿಗೆ ಕಂಪ್ಯೂಟರ್ ಬರ್ತೈತೇನು?" ಎಂದಳು. ಎಲ್ಲರೂ ನಕ್ಕರು. ಕೊನೆಗೆ ಯಾರ ಮನೆದೇವರು ಯಾರೋ ಅವರ ಹೆಸರೇ ಅವರವರ ಪತ್ರದ ಮೇಲೆ ಇರಲಿ ಎಂದು ತೀರ್ಮಾನವಾಯಿತು. ಒಬ್ಬಾಕೆ ಬಿಸ್ಮಿಲ್ಲಾ ಹಾಕಿಸಿದಳು. ಪತ್ರ ಹೀಗಿತ್ತು: "ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ. ಸಾಹೇಬರ ಪಾದಗಳಿಗೆ ಉಪ್ಪಲ್ ಶೆಡ್ಡಿನ ಗದಿಗೆಮ್ಮ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಹಾಗೂ ತಮ್ಮ ಮನೆಯವರ ಕ್ಷೇಮಕ್ಕಾಗಿ ದಿನಾಲು ದೇವರಲ್ಲಿ ಬೇಡಿಕೊಳ್ಳುತ್ತೇವೆ. ತರುವಾಯ ಪತ್ರ ಬರೆಯಲು ಕಾರಣವೇನೆಂದರೆ, ಕೂಸಿನ ಕೋಣೆಯನ್ನು ಒಯ್ಯಬೇಡಿರಿ. ಒಯ್ದರೆ ನನ್ನ ಮಗಳನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಿ ಎಂಬುದನ್ನು ತಾವೇ ತಿಳಿಸಬೇಕು." ನಮ್ಮ ಕಡೆ ಪತ್ರ ಬರೆಯುವ ರೀತಿಯೇ ಇದು. ಕ್ಷೇಮ ಕೇಳದೆ ಕೆಲಸದ ಮಾತು ಎತ್ತುವವನನ್ನು ಯಾರೂ ಒಳಗೆ ಕರೆಯುವುದಿಲ್ಲ.

ಕಳಿಸಿದರು. ಕಾದರು. ತಾವು ಹೇಳಿದ ದಿನ ಕಳೆಯಿತು. ಮರುವಾರ ತಮ್ಮ ಆಳುಗಳು ಟೆಂಪೊ ತಂದು ತೊಟ್ಟಿಲು, ಚಾಪೆ, ಹಾಲಿನ ಪಾತ್ರೆ ಎಲ್ಲವನ್ನೂ ಹೇರಿಕೊಂಡು ಹೋದರು. ಪಾರ್ವತೆಮ್ಮ ಬಾಗಿಲಲ್ಲಿ ನಿಂತು, "ಯಾರೂ ಬ್ಯಾಡ ಅಂದಿಲ್ಲಂತರೀ, ಅದಕ್ಕ ಒಯ್ಯಾಕತ್ತಾರಂತ" ಎಂದರು. ಶೆಡ್ಡಿನ ಹೆಂಗಸರೆಲ್ಲ ತಿರುಗಿ ನನ್ನ ಮುಖ ನೋಡಿದರು. ಕಳಿಸಿಕೊಟ್ಟವನು ನಾನಲ್ಲವೆ? ನನ್ನ ಅಕ್ಕ ಮಾತ್ರ ನೋಡಲಿಲ್ಲ. ಅವಳು ನೋಡಿದ್ದರೆ ಚೆನ್ನಾಗಿತ್ತು.

ಮರುದಿನವೇ ಅಬಿಡ್ಸ್‌ಗೆ ಬಂದೆ. ತಮ್ಮ ಗುಮಾಸ್ತ ಸೂರ್ಯಕಾಂತ ಅವರು ಬೀದರ್ ಕಡೆಯವರು, ಒಳ್ಳೆಯ ಮನುಷ್ಯ. ಅವರ ಹೆಸರನ್ನು ಇಲ್ಲಿ ಬರೆಯುವ ಮೊದಲು ಅವರನ್ನೇ ಕೇಳಿದ್ದೇನೆ. "ಪೆಟ್ಟಿಗಿ ತೋರಿಸ್ದೆ ಅಂತ ನನಗ ನೋಟಿಸ್ ಹ್ಯಾಂಗೂ ಕೊಟ್ಟಾರ, ಬರಿಯಪ್ಪ" ಎಂದರು. ಸ್ಪ್ಯಾಮ್ ಪೆಟ್ಟಿಗೆ ಒಮ್ಮೆ ತೆರೆದು ತೋರಿಸಿ ಎಂದು ಕೇಳಿದವನು ನಾನು, ತೋರಿಸಿದ್ದು ಮಾತ್ರ ಅವರು. ತೆರೆದರೆ ಏನು ಹೇಳಲಿ? ಹುಲಿಗೆಮ್ಮ ಪ್ರಸನ್ನ, ಅಂಬಾದೇವಿ ಪ್ರಸನ್ನ, ಶರಣಬಸವೇಶ್ವರ ಪ್ರಸನ್ನ, ಬಿಸ್ಮಿಲ್ಲಾ. ನಮ್ಮ ಸೀಮೆಯ ದೇವರೆಲ್ಲ ತಮ್ಮ ಕಸದ ಬುಟ್ಟಿಯಲ್ಲಿ ಸಾಲಾಗಿ ನಿಂತಿದ್ದರು.

"ಅಯ್ಯ, ಇವೇನು?" ಎಂದು ಸೂರ್ಯಕಾಂತ ಅವರು ಹಣೆ ಒತ್ತಿಕೊಂಡರು. "ಇವು ನಾನೇ ಹಾಕೀನಿ ನೋಡು."

"ನೀವಾ?"

"ಎಲ್ಲ ಅಲ್ಲ, ಮೊದಲಿಂದು ನಾಕೈದು. ದಿನಾ ಮುಂಜಾನಿ ಎದ್ರ ಫೋನ್ ತುಂಬ ದೇವರ ಮೆಸೇಜ್ ಅದಾವ. ಹತ್ತು ಮಂದಿಗಿ ಕಳಸ್ರಿ, ಕಳಸದಿದ್ರ ಕೆಟ್ಟದಾಗ್ತದ ಅಂತಾವ. ಇವೂ ಅವೇ ಅಂತ ತಿಳದೆ. ಲಿಸ್ಟಿನಾಗ ಒಂದೇ ಸಾಲು ಕಾಣ್ತದ, ಆ ಸಾಲಿನಾಗ ಬರೀ ದೇವ್ರು. ಸ್ಪ್ಯಾಮ್ ಅಂತ ಒತ್ತಿದೆ."

"ಉಳಿದವು?"

"ಮುಂದ ನನಗ ಕೆಲಸಾನೇ ಬೀಳಲಿಲ್ಲ. ಮಷೀನ್ ತಾನೇ ಕಲ್ತದ. ಭಾಳ ಶ್ಯಾಣ್ಯಾ ಮಷೀನ್ ಅದ."

ನಿಜವಾಗಿಯೂ ಶ್ಯಾಣ್ಯಾ, ಜಾಣ ಯಂತ್ರ. ಈ ಯಂತ್ರಗಳು ಹಾಗೆಯೇ. ನಾವು ನಾಲ್ಕು ಸಲ ಕಸ ಎಂದು ತೋರಿಸಿದರೆ ಐದನೆಯದನ್ನು ಅವೇ ಕಸಕ್ಕೆ ಹಾಕುತ್ತವೆ. ತಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತ ಏನಾದರೂ ಹೊಸದು ಕಲಿತ ಸಿಬ್ಬಂದಿ ಅದೊಂದೇ ಇರಬೇಕು. ದೇವರ ಹೆಸರಿನಿಂದ ಶುರುವಾಗಿ, ಸಾಹೇಬರ ಕ್ಷೇಮ ಕೇಳಿ, ಆಮೇಲೆ ತನ್ನ ಕಷ್ಟ ಹೇಳುವ ಮನುಷ್ಯ ತಮಗೆ ಬೇಡದವನು ಎಂಬುದನ್ನು ಅದು ಎಷ್ಟು ಬೇಗ ಹಿಡಿಯಿತು ನೋಡಿ. ಹೊಸಬನಾಗಿ ಸೇರಿದ ಗುಮಾಸ್ತನಿಗೆ ಇದು ಗೊತ್ತಾಗಲು ವರ್ಷಗಳು ಬೇಕು.

ಆದರೆ ತಪ್ಪನ್ನೆಲ್ಲ ತಮ್ಮ ತಲೆಗೇ ಕಟ್ಟಿದರೆ ನಾನು ಸುಳ್ಳುಗಾರನಾಗುತ್ತೇನೆ. ಆ ಪತ್ರಗಳು ದಾರಿಯಲ್ಲೇ ಅನುಮಾನಕ್ಕೆ ಗುರಿಯಾಗಿದ್ದವು, ಅದಕ್ಕೆ ಕಾರಣ ನಾನು. ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯ ಮುಂದೆ ಕೂತು ಬೇರೆಯವರಿಗೆ ಪತ್ರ ಬರೆದುಕೊಡುವವರನ್ನು ತಾವು ನೋಡಿರಬಹುದು. ಬರೆಯುವ ಕೈ ಅವರದಾದರೂ ಪತ್ರದಲ್ಲಿ ಹೆಸರು ಬರೆಸಿದವರದು. ಅದೇ ನ್ಯಾಯ ಎಂದು ನಾನು ಪುಟವನ್ನೂ ಹಾಗೆಯೇ ಕಟ್ಟಿದ್ದೆ. ಮಾತು ಗದಿಗೆಮ್ಮನದಾದರೆ ಕಳಿಸಿದವರ ಜಾಗದಲ್ಲಿ ಗದಿಗೆಮ್ಮನ ಮೇಲ್ ವಿಳಾಸವೇ ಇರಲಿ ಎಂದಿದ್ದೆ. ಆದರೆ ಮೇಲ್ ಹೊರಡುವುದು ಗದಿಗೆಮ್ಮನ ಫೋನಿನಿಂದಲ್ಲ, ತಮ್ಮ ವೆಬ್‌ಸೈಟ್ ಇರುವ ಯಂತ್ರದಿಂದ. ಮೇಲ್ ಹಂಚುವವರು ಎದುರಿಗೆ ನಿಂತು ಕೇಳುತ್ತಾರೆ: ಲಕೋಟೆಯ ಮೇಲೆ ಗದಿಗೆಮ್ಮನ ವಿಳಾಸ ಇದೆ, ತಂದವನು ಯಾರೋ ಬೇರೆ, ಇವನಿಗೆ ಆಕೆಯ ಹೆಸರಲ್ಲಿ ಕಳಿಸಲು ಒಪ್ಪಿಗೆ ಕೊಟ್ಟವರು ಯಾರು? ಉತ್ತರ ಸಿಗದಿದ್ದರೆ ಕಳ್ಳಪತ್ರ ಎಂದು ಗುರುತು ಹಾಕುತ್ತಾರೆ. ನಾನು ಪರೀಕ್ಷೆ ಮಾಡಿದಾಗ ಇದು ಗೊತ್ತಾಗದೆ ಹೋಯಿತು, ನನ್ನ ಪೆಟ್ಟಿಗೆ ನನ್ನ ವಿಳಾಸವನ್ನು ಮೊದಲೇ ಬಲ್ಲದು. ಸರಿಯಾದ ರೀತಿ ಬೇರೆ ಇದೆ. ಕಳಿಸುವವರ ಜಾಗದಲ್ಲಿ ಕಚೇರಿಯದೇ ವಿಳಾಸ ಇರಬೇಕು, ಉತ್ತರ ಯಾರಿಗೆ ಹೋಗಬೇಕು ಎಂಬಲ್ಲಿ ಗದಿಗೆಮ್ಮನದು ಇರಬೇಕು. ಅದನ್ನು ಒಂದೇ ಮಧ್ಯಾಹ್ನದಲ್ಲಿ ತಿದ್ದಿದೆ.

ಇನ್ನೊಂದು ಸಾಲಿನ ಕೆಲಸ ಉಳಿದಿದೆ, ಅದು ನನ್ನ ಕೈಯಲ್ಲಿಲ್ಲ. ತಮ್ಮ ವೆಬ್‌ಸೈಟಿನ ಹೆಸರನ್ನು ನೋಂದಾಯಿಸಿದ ಕಡೆ, ಈ ಯಂತ್ರ ನಮ್ಮದೇ, ನಮ್ಮ ಹೆಸರಲ್ಲಿ ಮೇಲ್ ಕಳಿಸಲು ಇದಕ್ಕೆ ಒಪ್ಪಿಗೆ ಇದೆ ಎಂದು ಒಂದು ದಾಖಲೆ ಸೇರಿಸಬೇಕು. ಅದರ ಪಾಸ್‌ವರ್ಡ್ ಕೇಳಿದರೆ ಅಮೀರ್‌ಪೇಟೆಯವರು ಮಾದಾಪುರದವರನ್ನು ಕೇಳಿ ಎಂದರು. ಮಾದಾಪುರದವರು ಅದು ಗ್ರಾಹಕರ ಗುಟ್ಟು, ಕಚೇರಿಯನ್ನೇ ಕೇಳಿ ಎಂದರು. ಕಚೇರಿಯಲ್ಲಿ ಕೇಳಿದರೆ ವೆಬ್‌ಸೈಟಿನ ಪುಟದ ಮೂಲಕ ಕೋರಿಕೆ ಸಲ್ಲಿಸಿ ಎಂದರು. ಸಲ್ಲಿಸಿದೆ. ಅದು ಎಲ್ಲಿ ಹೋಗಿ ಬಿದ್ದಿರಬಹುದು ಎಂದು ತಾವೇ ಊಹಿಸಿ. ಊಹೆ ಕಷ್ಟವಾದರೆ ಹುಲಿಗೆಮ್ಮನ ಪಕ್ಕದಲ್ಲಿ ಹುಡುಕಿ.

ಆಮೇಲೆ ತಮ್ಮನ್ನೇ ಕಂಡೆ. ನಮ್ಮಿಬ್ಬರ ಮಾತುಕತೆ ತಮಗೆ ಮರೆ‌ತಿರಬಹುದು, ನನಗೆ ಮರೆತಿಲ್ಲ.

"ನೋಡಪ್ಪ, ಸ್ಪ್ಯಾಮ್‌ನಲ್ಲಿ ಇರೋದು ಸ್ವೀಕೃತ ಆಗಿದೆ ಅಂತ ಲೆಕ್ಕ ಇಲ್ಲ," ಎಂದಿರಿ.

"ಸಾಹೇಬ್ರ, ಒಮ್ಮೆ ತೆಗದು ಓದ್ರಿ. ಓದಿದ್ರ ಗೊತ್ತಾಗತೈತಿ."

"ಓದೋದಕ್ಕೆ ಅವು ಸ್ವೀಕೃತ ಆಗಿರಬೇಕಲ್ಲ."

"ಸ್ವೀಕೃತ ಆಗಬೇಕಂದ್ರ ಏನ್ ಮಾಡಬೇಕ್ರಿ?"

"ಇನ್‌ಬಾಕ್ಸಿಗೆ ಬರಬೇಕು."

"ಸ್ಪ್ಯಾಮ್ ಅಲ್ಲ ಅಂತ ನೀವು ಒಮ್ಮೆ ಒತ್ತಿದ್ರ ಬರ್ತಾವ್ರಿ."

"ಸ್ಪ್ಯಾಮ್ ಅನ್ನೋದನ್ನ ಸ್ಪ್ಯಾಮ್ ಅಲ್ಲ ಅನ್ನೋಕೆ ನನಗೆ ಅಧಿಕಾರ ಇಲ್ಲ. ತಾಂತ್ರಿಕ ಅಭಿಪ್ರಾಯ ಬೇಕು. ತಾಂತ್ರಿಕ ಅಭಿಪ್ರಾಯ ಕಡತದಲ್ಲಿದೆ, ಎಲ್ಲ ಸರಿಯಿದೆ ಅಂತ. ಬರೆದವನು ನೀನೇ."

ಆಮೇಲೆ ತಾವು ಕನ್ನಡಕ ತೆಗೆದು ಮೆತ್ತಗೆ, "ಚುರುಕಾದ ಹುಡುಗ ನೀನು. ನಮ್ಮಲ್ಲಿ ಇನ್ನೂ ವೆಬ್‌ಸೈಟ್ ಕೆಲಸಗಳಿವೆ. ಬರೆದದ್ದನ್ನ ಬರೆದ ಹಾಗೇ ಇರೋಕೆ ಬಿಡು," ಎಂದಿರಿ. ತಮ್ಮ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು ಎಂದು ನಂಬುತ್ತೇನೆ. ಆದರೆ ಬರೆದದ್ದು ಹಾಗೇ ಇದ್ದರೆ ನನ್ನ ಸಹಿಯ ಬಲದಿಂದ ನನ್ನ ಅಕ್ಕನ ಪತ್ರ ಇಲ್ಲವಾಗುತ್ತದೆ. ಆ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಬಳಿ ಇದ್ದ ಒಂದೇ ದಾರಿ ನಾನು ಯಾರೆಂದು ಹೇಳುವುದು. ಬೋಲ್ಟಿನವರೂ ರಬ್ಬರಿನವರೂ ಇದನ್ನು ಓದುತ್ತಾರೆ. ಅವರಲ್ಲಿ ಕೆಲವರು ನಾಳೆಯಿಂದ ಬೇರೆ ಇಂಜಿನಿಯರನ್ನು ಹುಡುಕಬಹುದು. ಹುಡುಕಲಿ.

ಸ್ವೀಕೃತ, ಅಸ್ವೀಕೃತ ಎಂದು ನಾವು ಮಾತಾಡುತ್ತಿದ್ದ ದಿನಗಳಲ್ಲಿ ದಾನೇಶ್ವರಿ ಎಲ್ಲಿದ್ದಳು ಎಂದು ತಾವು ಕೇಳಲಿಲ್ಲ. ಅಕ್ಕ ಅವಳನ್ನು ಕೆಲಸದ ಜಾಗಕ್ಕೆ ಕರೆದೊಯ್ದು, ಹಳೆಯ ಸೀರೆಯ ಒಂದು ತುದಿಯನ್ನು ಕೂಸಿನ ಸೊಂಟಕ್ಕೆ, ಇನ್ನೊಂದು ತುದಿಯನ್ನು ಕಬ್ಬಿಣದ ಸರಳುಗಳ ಕಟ್ಟಿಗೆ ಬಿಗಿದು ಬುಟ್ಟಿ ಹೊರುತ್ತಿದ್ದಳು. ಶೆಡ್ಡಿನ ಉಳಿದ ತಾಯಂದಿರೂ ಹಾಗೆಯೇ. ಆ ಕಟ್ಟಡದಲ್ಲಿ ನಾಳೆ ಕೂತು ಕೆಲಸ ಮಾಡುವವರ ಮಕ್ಕಳಿಗೆ ಕೆಳಗಿನ ಮಹಡಿಯಲ್ಲಿ ಆಟದ ಕೋಣೆ ಇರುತ್ತದಂತೆ. ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿದ್ದಾರೆ. ಅದನ್ನು ಕಟ್ಟುತ್ತಿರುವವರ ಮಕ್ಕಳು ಅದರ ಎದುರಿಗೇ ಸರಳಿಗೆ ಕಟ್ಟಿಸಿಕೊಂಡು ಮಣ್ಣು ತಿನ್ನುತ್ತಿದ್ದರು.

ಕಳೆದ ವಾರ ಕೂಸು ಗಂಟು ಬಿಡಿಸಿಕೊಂಡು, ಯಾರೂ ನೋಡದಾಗ ಮೆಟ್ಟಿಲು ಹತ್ತಿತು. ಬೂದೆಪ್ಪ ಕಾಕಾ ಮೂರನೆಯ ಮಹಡಿಯಲ್ಲಿ ಗಾರೆ ಹಾಕುತ್ತಿದ್ದವರು ಏಕೋ ತಿರುಗಿ ನೋಡಿದರೆ, ಇನ್ನೂ ಗೋಡೆ ಏಳದ ಅಂಚಿನಲ್ಲಿ ದಾನೇಶ್ವರಿ ಕಾಲು ಇಳಿಬಿಟ್ಟು ಕೂತಿದ್ದಳು. ಕೂಗಿದರೆ ಬೆಚ್ಚುತ್ತಾಳೆಂದು ಅವರು ಕೂಗಲಿಲ್ಲ. ಕರಣಿಯನ್ನು ಸದ್ದಾಗದಂತೆ ಕೆಳಗಿಟ್ಟು, ತಾವೂ ನೆಲಕ್ಕೆ ಕೂತು, ಕೂತಲ್ಲಿಂದಲೇ ಸರಿಯುತ್ತ ಹೋದರು. "ಬಾ ನಮ್ಮವ್ವಾ, ಬಿಸ್ಕೀಟ್ ಐತಿ ನನ್ನ ಕಡೆ" ಎನ್ನುತ್ತಲೇ ಇದ್ದರಂತೆ. ಕೂಸು ಬಿಸ್ಕೀಟಿಗೆ ಕೈ ಚಾಚಿದಾಗ ಆ ಕೈಯನ್ನು ಹಿಡಿದರು. ಕೆಳಗೆ ತಂದು ಅಕ್ಕನ ಮಡಿಲಿಗೆ ಹಾಕಿದ ಮೇಲೆ ಕಾಕಾ ಆ ದಿನ ಮತ್ತೆ ಕರಣಿ ಹಿಡಿಯಲೇ ಇಲ್ಲ. ಅಕ್ಕ ಅಳಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸಂಜೆಯವರೆಗೂ ಇಟ್ಟಿಗೆ ಹೊತ್ತಳು. ಅರ್ಧ ದಿನ ಬಿಟ್ಟರೆ ಕೂಲಿಗೆ ಆಳು ಕರೆಯುವ ಮುಕಾದಮ ಮರುದಿನ ಬೇಡ ಎನ್ನುತ್ತಾನೆ.

ಶೆಡ್ಡಿಗೆ ಬಂದು ಒಲೆ ಹೊತ್ತಿಸುತ್ತ, "ಹುಲಗ್ಯಾ, ಈಕಿನ್ನ ಕರ್ಕೊಂಡ್ ಹೋಗಿಬಿಡು," ಎಂದಳು.

"ಎಲ್ಲಿಗೆ?"

"ನಮ್ಮ ಸೀಮಿಗೆ, ಮಸ್ಕಿಗೆ. ಸೂಗಮ್ಮ ಚಿಗವ್ವನ ಕಡೆ."

"ಮತ್ತ ನೀನು?"

"ನಾ ದುಡೀದಿದ್ರ ಈಕಿ ಉಣ್ಣೂದೇನು?"

"ನಿನ್ನ ಬಿಟ್ಟು ಇರ್ತಾಳೇನಕ್ಕಾ?"

"ಮಾಮಾ ಇದ್ರ ಇರ್ತಾಳ. ನೀನೂ ಅಲ್ಲೇ ಇರು. ರೂಢಿ ಆಗತೈತಿ."

"ಯಾರಿಗೆ, ಆಕಿಗೋ ನಿನಗೋ?"

ಅಕ್ಕ ಊದುಗೊಳವೆ ತೆಗೆದುಕೊಂಡು ಒಲೆ ಊದಿದಳು. ಒಲೆ ಆಗಲೇ ಚೆನ್ನಾಗಿ ಉರಿಯುತ್ತಿತ್ತು.

ಮಾನ್ಯರೇ, ಸ್ಪ್ಯಾಮ್ ಪೆಟ್ಟಿಗೆಗೆ ಒಂದು ಗುಣವಿದೆ. ಅದರೊಳಗೆ ಬಿದ್ದದ್ದು ಒಂದು ತಿಂಗಳಾದರೆ ತಾನಾಗಿಯೇ ಅಳಿಸಿಹೋಗುತ್ತದೆ. ಯಾರೂ ಹರಿಯಬೇಕಿಲ್ಲ, ಯಾರೂ ಸುಡಬೇಕಿಲ್ಲ, ಯಾರ ಮೇಲೂ ಆಪಾದನೆ ಬರುವುದಿಲ್ಲ. ಸುಮ್ಮನೆ ಕೂತರೆ ಸಾಕು, ಆ ವಿದ್ಯೆಯನ್ನು ತಮಗೆ ಯಾರೂ ಹೇಳಿಕೊಡಬೇಕಿಲ್ಲ. ಶೆಡ್ಡಿನ ಹೆಂಗಸರ ಪತ್ರಗಳಿಗೆ ತಿಂಗಳು ತುಂಬಲು ಇನ್ನು ಕೆಲವೇ ದಿನ ಉಳಿದಿದೆ. ಅವು ಅಳಿಸಿಹೋದ ಮೇಲೆ ತಮ್ಮ ಆದೇಶದ ವಾಕ್ಯ ನಿಜವಾಗುತ್ತದೆ, ಯಾವ ಆಕ್ಷೇಪಣೆಯೂ ಎಲ್ಲಿಯೂ ಇರುವುದಿಲ್ಲ. ತಾವು ಇದಕ್ಕೇ ಕಾಯುತ್ತಿದ್ದೀರಿ ಎಂದು ನಾನು ಹೇಳುವುದಿಲ್ಲ. ಹೇಳಲು ಸಾಕ್ಷಿಯಿಲ್ಲ. ಆದರೆ ಕಾಯುತ್ತಿರುವವರಿಗೂ ತಮಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ಆದ್ದರಿಂದ ಕೇಳುತ್ತೇನೆ. ಆ ಪೆಟ್ಟಿಗೆಯನ್ನು ಈ ವಾರವೇ ತೆರೆಯಿರಿ. ಒಂದೊಂದು ಪತ್ರದ ಮೇಲೂ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿರಿ, ಯಂತ್ರ ಅದನ್ನೂ ಕಲಿಯುತ್ತದೆ, ಅದಕ್ಕೆ ಹಟವಿಲ್ಲ. ಒತ್ತಿದ ಮೇಲೆ ಮೊದಲ ಸಾಲಿಗೆ ನಿಲ್ಲದೆ, ತಮ್ಮ ಕ್ಷೇಮ ಕೇಳಿದ ಸಾಲುಗಳನ್ನು ದಾಟಿ, "ಕಾರಣವೇನೆಂದರೆ" ಎಂಬಲ್ಲಿಗೆ ಬಂದು ಓದಿರಿ. ಆ ತಾಯಂದಿರು ಕೇಳಿದ್ದು ಒಂದೇ ಪ್ರಶ್ನೆ, ಕೂಸನ್ನು ಎಲ್ಲಿ ಬಿಡಲಿ ಎಂದು. ಉತ್ತರ ಕೊಡಲು ಆಗುವವರೆಗೆ ಉಪ್ಪಲ್‌ನ ಕೋಣೆಯನ್ನು ತೆರೆದಿಡಿ, ತೊಟ್ಟಿಲು ಮರಳಿ ತನ್ನಿ. ಆದೇಶದಿಂದ ಆ ವಾಕ್ಯವನ್ನೂ ನನ್ನ ಸಹಿಯನ್ನೂ ತೆಗೆಯಿರಿ. ಸೂರ್ಯಕಾಂತ ಅವರಿಗೆ ಕೊಟ್ಟ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಪೆಟ್ಟಿಗೆ ಯಾಕೆ ತೆರೆದೆ ಎಂದು ಅವರನ್ನು ಕೇಳಿದ್ದೀರಿ, ಅದು ಯಾಕೆ ತುಂಬಿತ್ತು ಎಂದು ಯಾರನ್ನೂ ಕೇಳಿಲ್ಲ. ಮಾದಾಪುರದವರಿಂದ ಪಾಸ್‌ವರ್ಡ್ ತರಿಸಿ ಆ ಒಂದು ದಾಖಲೆಯನ್ನು ಸೇರಿಸಿರಿ. ಹೇಗೆ ಎಂದು ಗೊತ್ತಾಗದಿದ್ದರೆ ಫೋನ್ ಮಾಡಿ, ಹೇಳಿಕೊಡುತ್ತೇನೆ. ಅದಕ್ಕೆ ಇಂಜಿನಿಯರ್ ಬೇಕಿಲ್ಲ.

ಇಂತಿ,
ತಮ್ಮ ವೆಬ್‌ಸೈಟ್ ಕಟ್ಟಿ ತಮಗೆ ತಲುಪಲಾಗದೆ ಪತ್ರಿಕೆಯ ಬಾಗಿಲು ತಟ್ಟಿದ,
ಹುಲಗೇಶ

ಸನತ್‌ನಗರದ ನನ್ನ ವಿಳಾಸಕ್ಕೆ ಉತ್ತರ ಕಳಿಸಬೇಡಿ. ಉಪ್ಪಲ್‌ನ ಶೆಡ್ಡಿಗೆ, ಗದಿಗೆಮ್ಮನ ಹೆಸರಿಗೆ ಕಾಗದದಲ್ಲಿ ಬರೆದು ಕಳಿಸಿ, ಯಾರಾದರೂ ಓದಿ ಹೇಳುತ್ತಾರೆ. ನಾಳೆ ಮುಂಜಾನೆಯ ರಾಯಚೂರು ಬಸ್ಸಿಗೆ ನಾನು ದಾನೇಶ್ವರಿಯನ್ನು ಮಸ್ಕಿಗೆ ಕರೆದುಕೊಂಡು ಹೋಗುತ್ತಿದ್ದೇನೆ.